ಬೆಟ್ಟಾ ಮೀನಿಗೆ ಬೆಟ್ಟದ ಚಳಿ

ಕ್ರಿಸ್ತಜಯಂತಿ ಕಳೆದ ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬರುವಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತಡೆದು ನಿಲ್ಲಿಸಿದರು. ಅವರ ಮಗನಿಗೆ ಸೋದರಮಾವ ಮೈಸೂರಿನಿಂದ ಒಂದು ನೀಲಿ ಫೈಟರ್ ಮೀನು ತಂದುಕೊಟ್ಟಿದ್ದರಂತೆ. “ಮೂರು ದಿನ ಆಯ್ತು, ಒಂದು ಕಾಳೂ ಮುಟ್ಟಿಲ್ಲ. ಮೀನು ತಿನ್ನಲ್ಲ ಅಂತ ಇವನೂ ಸರಿಯಾಗಿ ಊಟ ಮಾಡ್ತಿಲ್ಲ. ದನ ಮೇವು ಬಿಟ್ಟರೆ ಏನು ಮಾಡಬೇಕು ಅಂತ ನಮಗೆ ಗೊತ್ತು. ಮೀನಿಗೆ ಏನು ಮಾಡೋದು?”

ಸಂತೆಯಿಂದ ಹೊಡೆದುಕೊಂಡು ಬಂದ ಹಸು ಮೊದಲ ಒಂದೆರಡು ದಿನ ಮೇವಿಗೆ ಬಾಯಿ ಹಾಕದಿದ್ದರೆ ನಾವು ಗಾಬರಿಯಾಗುವುದಿಲ್ಲ. ಮೀನಿನದೂ ಅದೇ ಕಥೆ. ಪ್ಲಾಸ್ಟಿಕ್ ಚೀಲದಲ್ಲಿ ಗುಂಡ್ಲುಪೇಟೆ, ಮುತ್ತಂಗ ದಾಟಿ ಕುಲುಕಾಡುತ್ತಾ ಬಂದ ಜೀವ ಅದು. ಆರೋಗ್ಯವಾಗಿ ಬೆಳೆದ ಬೆಟ್ಟಾ ಮೀನು ಒಂದು ವಾರ ಉಪವಾಸವಿದ್ದರೂ ಸಾಯದು. ಚೀಲದ ನೀರು ಕೆಡಬಾರದೆಂದು ಮೀನು ಸಾಗಿಸುವವರೇ ಹಿಂದಿನ ದಿನದಿಂದ ಆಹಾರ ನಿಲ್ಲಿಸುತ್ತಾರೆ. ಮೂರು ದಿನದ ಉಪವಾಸಕ್ಕಿಂತ, ತಿನ್ನಲಿಲ್ಲವೆಂದು ನಾವು ಮತ್ತೆ ಮತ್ತೆ ಉದುರಿಸುವ ಕಾಳೇ ಅಪಾಯ. ಅದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಮೀನು ಆ ವಿಷದಲ್ಲೇ ಉಸಿರಾಡಬೇಕು.

ಆದ್ದರಿಂದ ನಾನು ಆ ತಾಯಿಯನ್ನು ಮೊದಲು ಕೇಳಿದ್ದು ನೀರು ಎಷ್ಟು ತಣ್ಣಗಿದೆ ಎಂದು.

ಈ ಮೀನಿನ ತವರು ಥಾಯ್ಲೆಂಡ್. ಅಲ್ಲಿನ ಗದ್ದೆ, ಜೌಗುಗಳ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಇದನ್ನು 2019ರಲ್ಲಿ ಆ ದೇಶ ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಮ್ಮ ಪೇಟೆಗೆ ಬರುವ ಬಣ್ಣದ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನ ಕಡೆ ಸಾಕಿದವು. ಅಲ್ಲಿಯೂ ಸೆಕೆಯೇ. ಇದಕ್ಕೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರು ಬೇಕು. ಹೆಸರಿನಲ್ಲಿ ಬೆಟ್ಟಾ ಇದೆಯೇ ಹೊರತು ಇದು ಬೆಟ್ಟದ ಮೀನಲ್ಲ! ವಯನಾಡು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಡಿಸೆಂಬರ್–ಜನವರಿಯ ರಾತ್ರಿಗಳು ಹೇಗಿರುತ್ತವೆಂದು ಬೆಳಗಿನ ಜಾವ ಹಾಲು ಕರೆಯುವವರಿಗೆ ಹೇಳಬೇಕಿಲ್ಲ. ಮೀನಿಗೆ ಸ್ವಂತ ಮೈಬಿಸಿಯಿಲ್ಲ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿಯೂ ನಿಧಾನವಾಗಿ ಹಸಿವೇ ಇಲ್ಲವಾಗುತ್ತದೆ. ಪುಟ್ಟ ಬಾಟಲಿಯ ನೀರಂತೂ ರಾತ್ರಿಯಲ್ಲಿ ಬೇಗ ತಣಿಯುತ್ತದೆ.

ಉಪಾಯ ಕಷ್ಟವಿಲ್ಲ. ಹಾರ್ಲಿಕ್ಸ್ ಬಾಟಲಿ ಬಿಟ್ಟು ಕನಿಷ್ಠ ಹತ್ತು ಲೀಟರ್ ಹಿಡಿಯುವ ಪಾತ್ರೆ ಇಡಿ. ಅಡಿಗೆ ಮತ್ತು ಮೂರು ಬದಿಗೆ ಥರ್ಮಾಕೋಲ್ ಹಲಗೆ ಕಟ್ಟಿ. ಕಿಟಕಿಯ ಬಳಿ ಬೇಡ. ಅಲ್ಲಿ ಹಗಲು ಬಿಸಿಲು, ರಾತ್ರಿ ಚಳಿಗಾಳಿ. ಸಾಧ್ಯವಾದರೆ ತಾನಾಗಿ ಆರುವ ಸಣ್ಣ ಹೀಟರ್ ಹಾಕಿ. ಬಿಸಿನೀರು ಸುರಿದು ಒಮ್ಮೆಗೇ ಬೆಚ್ಚಗೆ ಮಾಡಬೇಡಿ. ಮೇಲೆ ತೂತಿರುವ ಮುಚ್ಚಳವಿರಲಿ, ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳಷ್ಟು ಗಾಳಿ ಬಿಡಿ. ನಮ್ಮ ಗದ್ದೆಯ ವರಾಲಿನಂತೆ ಇದೂ ಮೇಲೆ ಬಂದು ಗಾಳಿ ಕುಡಿಯುವ ಮೀನು.

ಇನ್ನು ನೀರಿನ ವಿಚಾರ. ಬಾವಿಯ ನೀರು ಶುದ್ಧವೆಂದು ನಾವು ನಂಬುತ್ತೇವೆ. ಆದರೆ ಮಳೆಗಾಲದಲ್ಲಿ ಆರೋಗ್ಯ ಕಾರ್ಯಕರ್ತರು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋಗುತ್ತಾರೆ. ಅದು ನಮ್ಮ ಆರೋಗ್ಯಕ್ಕೆ ಬೇಕೇ ಬೇಕು, ಮೀನಿನ ಕಿವಿರಿಗೆ ಮಾತ್ರ ಕ್ಲೋರಿನ್ ಸುಡುವ ಔಷಧ. ಬಾಯಗಲದ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟ ನೀರನ್ನೇ ಬಳಸಿ. ನೀರು ಬದಲಿಸುವಾಗ ಕಾಲು ಭಾಗ ಮಾತ್ರ ಬದಲಿಸಿ; ಪೂರ್ತಿ ಚೆಲ್ಲಿ ತೊಳೆದರೆ ಮೀನಿಗೆ ಮತ್ತೊಂದು ಹೊಸ ಊರು!

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಮನೆಯಲ್ಲಿ ಮಕ್ಕಳು ಸಾಕಿದ ಎರಡು ಮೀನುಗಳು ಒಂದೇ ದಿನ ಸತ್ತವು. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಬೆರೆಸಿದ ಬಕೆಟ್ಟಿನಲ್ಲೇ, ತೊಳೆದಿದ್ದೇನಲ್ಲ ಎಂದು, ನಾನು ನೀರು ತಂದು ಹಾಕಿದ್ದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಬೆರೆಸುವ ದ್ರಾವಣ ಅದು. ತಾಮ್ರದ ಅಂಶ ಅತ್ಯಲ್ಪವಿದ್ದರೂ ಮೀನಿಗೆ ವಿಷ. ತೋಟದ ಬಕೆಟ್ ತೋಟಕ್ಕೇ ಇರಲಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವವರೂ ಮೀನನ್ನು ಬೇರೆ ಕೋಣೆಯಲ್ಲಿಡಿ. ಸೊಳ್ಳೆ ಕೊಲ್ಲುವ ಆ ಔಷಧ ನೀರಿಗೆ ಸೇರಿದರೆ ಮೀನನ್ನೂ ಕೊಲ್ಲುತ್ತದೆ.

ನೀರು ಬೆಚ್ಚಗಿದ್ದು ಶುಚಿಯಾಗಿದ್ದರೂ ತಿನ್ನದಿದ್ದರೆ, ಅದು ಒಣ ಕಾಳನ್ನು ಆಹಾರವೆಂದು ಗುರುತಿಸಿಲ್ಲದಿರಬಹುದು. ಹಲವು ಮೀನುಗಳು ಮೊದಲಿನಿಂದ ಜೀವಂತ ಹುಳು ತಿಂದು ಬೆಳೆದಿರುತ್ತವೆ. ಇದು ಮಾಂಸಾಹಾರಿ, ಅನ್ನ, ಪುಟ್ಟು, ಬಿಸ್ಕತ್ತಿನ ಪುಡಿ ಬೇಡ. ಎರಡು ಮೂರು ಸೊಳ್ಳೆಮರಿ ಹಾಕಿ ನೋಡಿ. ಅವು ಕುಣಿಯುವುದನ್ನು ಕಂಡರೆ ಸಾಮಾನ್ಯವಾಗಿ ಸುಮ್ಮನಿರದು. ಔಷಧಿ ಸಿಂಪಡಿಸಿದ ಗದ್ದೆಯ ತೋಡಿನಿಂದ ಮಾತ್ರ ತರಬೇಡಿ. ಅದಕ್ಕಾಗಿ ಮನೆಯಲ್ಲಿ ನೀರು ಕಟ್ಟಿಟ್ಟು ಸೊಳ್ಳೆ ಬೆಳೆಸುವುದಂತೂ ಬೇಡವೇ ಬೇಡ. ಡೆಂಗಿ ಜ್ವರ ಹರಡುವ ಸೊಳ್ಳೆ ಹುಟ್ಟುವುದು ನಿಂತ ಶುಚಿ ನೀರಿನಲ್ಲೇ. ರೂಢಿಯಾದ ಮೇಲೆ ದಿನಕ್ಕೆ ಎರಡು ಸಲ ಎರಡೆರಡು ಕಾಳು ಸಾಕು. ಇದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ. ಹತ್ತು ನಿಮಿಷದಲ್ಲಿ ಮುಟ್ಟದ್ದನ್ನು ತೆಗೆದುಬಿಡಿ.

ಮೈಮೇಲೆ ರವೆಯಂಥ ಬಿಳಿ ಚುಕ್ಕೆ, ಮುದುರಿದ ರೆಕ್ಕೆ, ಊದಿದ ಹೊಟ್ಟೆ, ಸೆಟೆದು ನಿಂತ ಪೊರೆ ಕಂಡರೆ ಅದು ರೋಗ. ಆಗ ಕಾಯುತ್ತಾ ಕೂರದೆ ತಿಳಿದವರಿಗೆ ತೋರಿಸಿ. ಕೈಯಲ್ಲಿ ಗಾಯವಿದ್ದವರು ಮೀನಿನ ನೀರಿಗೆ ಕೈ ಹಾಕಬಾರದು. ಬೇಗ ಮಾಯದ ಹುಣ್ಣು ತರುವ ರೋಗಾಣು ಅದರಲ್ಲಿರಬಹುದು. ಮಕ್ಕಳು ನೀರು ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ಸಾಕಲು ಬೇಸರವಾದರೆ ಕೆರೆಗೋ ತೋಡಿಗೋ ಬಿಡಬೇಡಿ, ಬೇಕಾದವರಿಗೆ ಕೊಡಿ. ಬೇರೆಲ್ಲೂ ಕಾಣದೆ ಪೂಕೋಡು ಸರೋವರದಲ್ಲಷ್ಟೇ ಕಂಡುಬಂದಿರುವ ಪುಟ್ಟ ಮೀನಿನ ಜಾತಿಯೊಂದು ನಮ್ಮ ಜಿಲ್ಲೆಯಲ್ಲಿದೆ. ಅಂಥ ನೀರಿಗೆ ಪರದೇಶದ ಮೀನು, ಅದರ ರೋಗ ಎರಡೂ ಸೇರಬಾರದು.

ಆ ಹುಡುಗನ ಮೀನು ಇದ್ದದ್ದು ಕಿಟಕಿಯ ಕಟ್ಟೆಯ ಮೇಲಿನ ಜಾಮ್ ಬಾಟಲಿಯಲ್ಲಿ. ಒಳಕೋಣೆಯ ದೊಡ್ಡ ಪಾತ್ರೆಗೆ ಬದಲಿಸಿ, ಥರ್ಮಾಕೋಲ್ ಕಟ್ಟಿದ ಎರಡನೆಯ ದಿನ ಒಂದು ಸೊಳ್ಳೆಮರಿ ನುಂಗಿತಂತೆ. ಕಾಳು ತಿನ್ನಲು ಇನ್ನೂ ಒಂದು ವಾರ ಹಿಡಿಯಿತು.