ತೋಟ ಅಡವಿಟ್ಟು ಎಂ.ಬಿ.ಎ. ಓದಿಸಬೇಕೆ?

ಪದವಿ ಮುಗಿಸಿದ ಮಕ್ಕಳನ್ನು ಎಂ.ಬಿ.ಎ.ಗೆ ಕಳುಹಿಸಬಹುದೇ ಎಂದು ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಸದಸ್ಯ ಬಾಂಧವರು ನಮ್ಮನ್ನು ಆಗಾಗ ಕೇಳುವುದುಂಟು. ಕೇಳುವವರಲ್ಲಿ ಹೆಚ್ಚಿನವರು ಎರಡು ಮೂರು ಎಕರೆಯವರು. ಆದುದರಿಂದ ಓದಿನ ಮಾತಿಗಿಂತ ಮೊದಲು ಸಾಲದ ಮಾತು.

ಎಂಟು ಲಕ್ಷ ಸಾಲ, ಶೇಕಡ 10 ಬಡ್ಡಿ ಎಂದು ಲೆಕ್ಕಕ್ಕೆ ಹಿಡಿಯೋಣ. ಓದುವ ಎರಡು ವರ್ಷ ಕಂತು ಕಟ್ಟದಿದ್ದರೂ ಬಡ್ಡಿ ನಿಲ್ಲದು. ಸರಳ ಬಡ್ಡಿಯೇ ಆದರೂ ಬಾಕಿ 9 ಲಕ್ಷ 60 ಸಾವಿರ ಆಗುತ್ತದೆ. ಅದನ್ನು ಮುಂದಿನ ಐದು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 20,400 ರೂಪಾಯಿ ಬೇಕು. ಸಂಬಳ ತಿಂಗಳು ತಿಂಗಳು ಬರುತ್ತದೆ, ಅಡಿಕೆ ಹಣ ಹಾಗೆ ಬರುವುದಿಲ್ಲ. ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತಾರೆ. ಆಗ ಪೆಟ್ಟಿಗೆಯಲ್ಲಿರುವ ಪಹಣಿ ಹೊರಗೆ ಬರಬೇಕಾಗುತ್ತದೆ.

ಹಾಗೆಂದು ವ್ಯವಹಾರ ಜ್ಞಾನ ಬೇಡವೆನ್ನುವ ಕಾಲವಲ್ಲ ಇದು. ಕಾಫಿಯನ್ನು ಮಂಡಳಿಗೆ ಒಪ್ಪಿಸಿ, ಹಣ ಬಂದಾಗ ಪಡೆಯುವ ಪೂಲ್ ಪದ್ಧತಿ 1996ರ ಹೊತ್ತಿಗೆ ಕೊನೆಗೊಂಡಿತು. ಅಂದಿನಿಂದ ಮಾರುವ ಹೊಣೆ ಬೆಳೆಗಾರನದೇ. 50 ಕೆ.ಜಿ. ಚೆರ್ರಿ ಮೂಟೆಯ ಔಟ್‌ಟರ್ನ್ ಎಷ್ಟು, ತೇವಾಂಶಕ್ಕೆ ಎಷ್ಟು ಕಡಿತ ಎಂಬುದು ತಿಳಿಯದವನು ಧಾರಣೆ ಕೇಳಿ ಪ್ರಯೋಜನವಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಕಂಪನಿಗಳಿಗಾಗಿ ಚೆಂಡುಹೂ ಬೆಳೆಯುವವರನ್ನೇ ನೋಡಿ: ಬೀಜ ಕೊಡುವುದೂ ಹೂ ಕೊಳ್ಳುವುದೂ ಕಂಪನಿಯೇ. (ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರಿಗೆ ಕರಾರಿನ ಕಾಗದ ಕಾಣುವುದಿಲ್ಲ.) ಆ ಕಾಗದವನ್ನು ಓದಿ, ‘ಈ ಷರತ್ತು ನಮಗೆ ಬೇಡ’ ಎನ್ನಬಲ್ಲವರು ಊರಿಗೊಬ್ಬರಿದ್ದರೆ ಎಷ್ಟೋ ಅನುಕೂಲ.

ಆದರೆ ಅಷ್ಟಕ್ಕೆ ಎರಡು ವರ್ಷದ ಪದವಿಯೇ ಬೇಕೆಂದು ನಮಗೆ ಅನಿಸುವುದಿಲ್ಲ. ಅಡಿಕೆ ಧಾರಣೆ ಕುಸಿದಿದ್ದ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಹುಟ್ಟಿತು, ಕಟ್ಟಿದವರು ಬೆಳೆಗಾರರು. ಮುಂದೆ 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಂಥ ಗಾತ್ರದ ಕೆಲಸ ಆಡಳಿತ ಕಲಿತವರಿಲ್ಲದೆ ಸಾಗದು, ಅಲ್ಲಿ ಅವರಿಗೆ ತಕ್ಕ ಸಂಬಳವೂ ಉಂಟು. ಎರಡು ಎಕರೆ ತೋಟಕ್ಕೆ ಆ ಸಾಲ ತೀರಿಸುವ ಶಕ್ತಿ ಎಲ್ಲಿದೆ? ಮಗ ಓದಿ ತೋಟಕ್ಕೇ ಮರಳುತ್ತಾನೆಂದು ನಂಬಿ ಸಾಲ ಮಾಡುವವರು ಇದನ್ನು ಅವನೊಡನೆ ಕೂತು ಮೊದಲೇ ಮಾತಾಡಿಕೊಳ್ಳಬೇಕು.

ಓದಲೇಬೇಕೆಂದಿದ್ದರೆ ಎಲ್ಲಿ ಎಂಬುದನ್ನು ನೋಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೃಷಿ ವ್ಯವಹಾರದ ಎಂ.ಬಿ.ಎ. ಇದೆ. ಗುಜರಾತಿನ ಆನಂದ್‌ನಲ್ಲಿ ಡಾ. ವರ್ಗೀಸ್ ಕುರಿಯನ್ 1979ರಲ್ಲಿ ಆರಂಭಿಸಿದ ಗ್ರಾಮೀಣ ನಿರ್ವಹಣಾ ಸಂಸ್ಥೆ 2025ರಿಂದ ತ್ರಿಭುವನ್ ಸಹಕಾರಿ ವಿಶ್ವವಿದ್ಯಾನಿಲಯದ ಭಾಗವಾಗಿದೆ. ಪಿ.ಜಿ.ಸಿ.ಇ.ಟಿ. ಬರೆದು ಸರಕಾರಿ ಸೀಟು ಪಡೆದರೆ ಶುಲ್ಕದ ಹೊರೆ ಇಳಿಯುತ್ತದೆ. ಬರೀ ಜಾಹೀರಾತು ನೋಡಿ ಹಣ ಕಟ್ಟಬೇಡಿ. ಹೋದ ವರ್ಷ ಅಲ್ಲಿ ಓದಿ ಹೊರಬಂದ ಇಬ್ಬರನ್ನು ಹುಡುಕಿ ಸಂಬಳ ಕೇಳಿ.

ಅರ್ಜಿ ಹಾಕುವ ಮುಂಚೆ ಮಕ್ಕಳು ಒಂದು ಸುಗ್ಗಿ ನಮ್ಮ ಸಂಘದಲ್ಲಿ ತೂಕದ ಬಳಿ, ಲೆಕ್ಕದ ಮೇಜಿನ ಬಳಿ ಕೂರಲಿ. ಸದಸ್ಯರೊಬ್ಬರ ಮಗಳು ಹಾಗೆ ಕೂತು ಹೋಗಿದ್ದಾಳೆ. ಈಗ ಪರೀಕ್ಷೆಗೆ ಓದುತ್ತಿದ್ದಾಳೆ. ಸಾಲದ ಅರ್ಜಿ ಮಾತ್ರ ಇನ್ನೂ ತುಂಬಿಲ್ಲ.