ಹಳೆಯ ಕಾರು ಕೆಟ್ಟರೆ ‘ಇಸಿಎಂ ಹೋಗಿದೆ’ ಎನ್ನುವುದು ಎಷ್ಟು ನಿಜ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ 2007ರ ಕಾರಿಗೆ ಒಂದು ಹೊಸ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಸರಿಯಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಹತ್ತು ಹದಿನೈದು ಕಿಲೋಮೀಟರ್ ಓಡಿ ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಎಂಜಿನ್ ನಡುಗಿ ಆಫ್ ಆಗುತ್ತಿತ್ತು. ಚೆಕ್ ಎಂಜಿನ್ ದೀಪ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಮೂರು ಬೇರೆ ಬೇರೆ ಸೆನ್ಸರ್‌ಗಳ ಕೋಡ್ ಬಂದವು. “ಮೂರು ಸೆನ್ಸರ್ ಒಟ್ಟಿಗೆ ಹೋಗೋಕೆ ಸಾಧ್ಯ ಇಲ್ಲ ಸಾರ್. ಇಸಿಎಂ ಹೋಗಿದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಹದಿನೆಂಟು ಸಾವಿರ ಆಗುತ್ತೆ” ಎಂದರು. ನಿವೃತ್ತರಾಗಿರುವ ಅಪ್ಪ ಏನೂ ಹೇಳದೆ ಮನೆಗೆ ಬಂದರು.

ಅದೇ ಸಂಜೆ ಮಾವ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಚೆಕ್ ಎಂಜಿನ್ ಲೈಟ್ ಬಂದರೆ ಗ್ಯಾರೇಜಿಗೆ ಹೋಗಬೇಡಿ, ಬ್ಯಾಟರಿ ಟರ್ಮಿನಲ್ ಹದಿನೈದು ನಿಮಿಷ ಬಿಚ್ಚಿಡಿ, ಕಾರಿನ ಕಂಪ್ಯೂಟರ್ ತಾನೇ ಸರಿಹೋಗುತ್ತದೆ, ಎಲ್ಲರಿಗೂ ಶೇರ್ ಮಾಡಿ ಎಂಬುದು ಅದರ ಸಾರಾಂಶ.

ಒಬ್ಬರು ಕಂಪ್ಯೂಟರನ್ನೇ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಏನೂ ಮಾಡಬೇಡಿ ಎನ್ನುತ್ತಾರೆ. ಎರಡರಲ್ಲೂ ಕೊರತೆ ಒಂದೇ: ಯಾರೂ ಪರೀಕ್ಷೆ ಮಾಡಿಲ್ಲ. ಹಾಗಾದರೆ ಪರೀಕ್ಷೆ ಎಂದರೆ ಏನು, ಯಾವ ಕ್ರಮದಲ್ಲಿ ಮಾಡಬೇಕು ಎಂದು ನೋಡೋಣ.

ಇಸಿಎಂ ಎಂದರೇನು?

ಭಾರತದಲ್ಲಿ 2000ದ ಸುಮಾರಿಗೆ ಹೊಗೆ ನಿಯಮಗಳು ಬಿಗಿಯಾದವು. ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು, ಪ್ಲಗ್‌ನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದನ್ನು ಒಂದು ಸಣ್ಣ ಕಂಪ್ಯೂಟರ್ ನಿರ್ಧರಿಸತೊಡಗಿತು. ಡ್ಯಾಶ್‌ಬೋರ್ಡಿನ ಕೆಳಗೆ ಅಥವಾ ಬಾನೆಟ್ಟಿನೊಳಗೆ ಇರುವ ಲೋಹದ ಪೆಟ್ಟಿಗೆಯೇ ಅದು. ಇಸಿಎಂ, ಇಸಿಯು ಎಂದು ಎರಡು ಹೆಸರಿನಲ್ಲೂ ಕರೆಯುತ್ತಾರೆ.

ಈ ಪೆಟ್ಟಿಗೆಗೆ ಕಣ್ಣು ಕಿವಿ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕುಳಿತು, ಫೋನಿನಲ್ಲಿ ಸುದ್ದಿ ಕೇಳಿ, ಫೋನಿನಲ್ಲೇ ಅಪ್ಪಣೆ ಕೊಡುವ ಯಜಮಾನನ ಹಾಗೆ ಅದು. ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ ಎಂಬ ಸುದ್ದಿಯನ್ನು ಸೆನ್ಸರ್‌ಗಳು ಕೊಡುತ್ತವೆ. ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್ ಅದರ ಅಪ್ಪಣೆಯಂತೆ ಕೆಲಸ ಮಾಡುತ್ತವೆ. ತಪ್ಪು ಸುದ್ದಿ ಬಂದರೆ ತಪ್ಪು ಅಪ್ಪಣೆ ಹೋಗುತ್ತದೆ. ಫೋನಿನ ತಂತಿ ತುಂಡಾದರೆ ಅಪ್ಪಣೆ ತಲುಪುವುದೇ ಇಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಯಜಮಾನನ ತಲೆಯೇ ಕೆಟ್ಟಿದೆ ಎನಿಸುತ್ತದೆ.

ಎಂಜಿನ್ನಿನ ಎಲ್ಲ ಕೆಲಸದಲ್ಲೂ ಇಸಿಎಂ ಇರುವುದರಿಂದ ಎಲ್ಲ ತೊಂದರೆಯಲ್ಲೂ ಅನುಮಾನ ಅದರ ಮೇಲೆ ಬೀಳುತ್ತದೆ. ಆದರೆ ಅದು ಮುಚ್ಚಿದ ಪೆಟ್ಟಿಗೆಯೊಳಗಿನ, ಅಲುಗಾಡುವ ಭಾಗಗಳೇ ಇಲ್ಲದ ವಸ್ತು. ನೀರು, ಕೆಸರು, ಬಿಸಿ, ತುಕ್ಕು, ಇಲಿಯ ಹಲ್ಲು ಎಲ್ಲವನ್ನೂ ಮೊದಲು ಅನುಭವಿಸುವುದು ಹೊರಗಿರುವ ವೈರು, ಕನೆಕ್ಟರ್ ಮತ್ತು ಸೆನ್ಸರ್‌ಗಳು.

ಸ್ಕ್ಯಾನರ್ ಕೋಡ್ ಹೇಳುವುದೇನು?

ಸ್ಕ್ಯಾನರ್ ಹಾಕಿದರೆ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗುತ್ತದೆ ಎಂಬುದು ಹಲವರ ನಂಬಿಕೆ. ಕೋಡ್ ಭಾಗದ ಹೆಸರು ಹೇಳುವುದಿಲ್ಲ. ಯಾವ ದಾರಿಯಲ್ಲಿ ತೊಂದರೆ ಇದೆ ಎಂದಷ್ಟೇ ಹೇಳುತ್ತದೆ.

ಒಂದು ಉದಾಹರಣೆ ನೋಡಿ. ಪಿ0118 ಎಂಬ ಕೋಡ್ ಬಂದರೆ, ಎಂಜಿನ್ ಕೂಲೆಂಟ್‌ನ ಉಷ್ಣತೆ ತಿಳಿಸುವ ಸೆನ್ಸರ್‌ನ ವೈರಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದರ್ಥ. ಸೆನ್ಸರ್ ಕೆಟ್ಟರೂ ಹೀಗಾಗುತ್ತದೆ, ವೈರು ತುಂಡಾದರೂ ಹೀಗಾಗುತ್ತದೆ, ಕನೆಕ್ಟರ್ ಸಡಿಲವಾದರೂ ಹೀಗಾಗುತ್ತದೆ. ಆಗ ಹಲವು ಕಾರುಗಳಲ್ಲಿ ಸ್ಕ್ಯಾನರ್ ಪರದೆಯ ಮೇಲೆ ಎಂಜಿನ್ ಉಷ್ಣತೆ ಮೈನಸ್ 40 ಡಿಗ್ರಿ ಎಂದು ಕಾಣುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲೂ ಮೈನಸ್ 40! ಕಂಪ್ಯೂಟರಿಗೆ ಹುಚ್ಚು ಹಿಡಿದಿದೆ ಎನಿಸುವುದು ಸಹಜ. ವಾಸ್ತವವಾಗಿ ಈ ಸೆನ್ಸರ್ ತಣ್ಣಗಿದ್ದಷ್ಟೂ ಅದರ ವಿದ್ಯುತ್ ತಡೆ ಹೆಚ್ಚು. ವೈರು ತುಂಡಾದರೆ ತಡೆಗೆ ಮಿತಿಯೇ ಇಲ್ಲ, ಹಾಗಾಗಿ ಇಸಿಎಂ ಅದನ್ನು ಕಡುಚಳಿ ಎಂದು ಓದುತ್ತದೆ.

ಇದನ್ನು ಬಿಡಿಸಿಕೊಳ್ಳುವ ಸುಲಭ ದಾರಿಯೂ ಇದೆ. ಕೀಲಿ ಆನ್ ಇಟ್ಟು, ಎರಡೇ ವೈರುಗಳಿರುವ ಈ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಆ ಎರಡು ವೈರುಗಳನ್ನು ಸಣ್ಣ ತಂತಿಯಿಂದ ಮೆಕ್ಯಾನಿಕ್ ಸೇರಿಸುತ್ತಾರೆ. ಪರದೆಯ ಸಂಖ್ಯೆ ಮೈನಸ್ 40ರಿಂದ ನೂರು ದಾಟಿ ಮೇಲೆ ಹೋದರೆ ಆ ದಾರಿಯ ವೈರಿಂಗ್ ಸರಿಯಿದೆ, ಇಸಿಎಂ ಕೂಡ ಸರಿಯಾಗಿ ಓದುತ್ತಿದೆ. ಕೆಟ್ಟಿರುವುದು ಸೆನ್ಸರ್ ಅಥವಾ ಅದರ ಕನೆಕ್ಟರ್. ಸಂಖ್ಯೆ ಬದಲಾಗದಿದ್ದರೆ ವೈರು ನೋಡಬೇಕು. ವೈರೂ ಸರಿಯಿದ್ದರೆ ಮಾತ್ರ ಇಸಿಎಂ ಮೇಲೆ ಅನುಮಾನ. ಈ ಪರೀಕ್ಷೆಯನ್ನು ಬೇರೆ ಬಗೆಯ ಸೆನ್ಸರ್‌ಗಳ ಮೇಲೆ ಮಾಡಬಾರದು, ಅಲ್ಲಿ ಹಾನಿಯಾಗಬಹುದು.

ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

1. ಮೊದಲು ಕೋಡ್ ಬರೆದುಕೊಳ್ಳಿ. ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಳ್ಳಿ. ಅಳಿಸಿದ ಮೇಲೆ ಮತ್ತೆ ಯಾವ ಕೋಡ್ ಬರುತ್ತದೆ ನೋಡಿ. ಹಳೆಯ ರಿಪೇರಿಯ ಕಾಲದ ಕೋಡ್ ಕೂಡ ನೆನಪಿನಲ್ಲಿ ಉಳಿದಿರಬಹುದು.

2. ಕೀಲಿ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹತ್ತುತ್ತದೆಯೇ ನೋಡಿ. ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಅದು ಹತ್ತಬೇಕು. ಹತ್ತದಿದ್ದರೆ ಬಲ್ಬು ಹೋಗಿರಬಹುದು, ಅಥವಾ ಇಸಿಎಂಗೆ ಕರೆಂಟೇ ಬರುತ್ತಿಲ್ಲದಿರಬಹುದು. ಫ್ಯೂಸ್ ಮತ್ತು ಮೇನ್ ರಿಲೇ ನೋಡಬೇಕು. ಊಟ ಕೊಡದೆ, ಕೆಲಸ ಮಾಡುತ್ತಿಲ್ಲ ಎಂದು ದೂರಿದರೆ ಹೇಗೆ?

3. ಬ್ಯಾಟರಿ ಅಳೆಯಿರಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ ಅದು 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಥವಾ ಅದರ ಕೇಬಲ್‌ಗಳನ್ನು ನೋಡಬೇಕು. ವೋಲ್ಟೇಜ್ ಕುಸಿದರೆ ಇಸಿಎಂ ವಿಚಿತ್ರವಾಗಿ ವರ್ತಿಸುತ್ತದೆ.

4. ಅರ್ಥಿಂಗ್ ಪರೀಕ್ಷಿಸಿ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಸಿಎಂನ ಅರ್ಥಿಂಗ್ ವೈರಿನ ಮೇಲೆ. ಎಂಜಿನ್ ಓಡುತ್ತಿರಬೇಕು, ಹೆಡ್‌ಲೈಟ್ ಮತ್ತು ಫ್ಯಾನ್ ಆನ್ ಇರಬೇಕು. ಮೀಟರ್ 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಕಣ್ಣಿಗೆ ವೈರು ಗಟ್ಟಿಯಾಗಿ ಕಂಡರೆ ಸಾಲದು, ಬೋಲ್ಟಿನ ಕೆಳಗೆ ತುಕ್ಕು ಇರಬಹುದು.

5. ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಇದೆಯೇ ನೋಡಿ. ಹಲವು ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕಳಿಸುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ ಅದೇ ಸಾಲಿನ ಉಳಿದವೂ ಸಾಯುತ್ತವೆ. ಆಗ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಅದೇ ಕಳ್ಳ.

6. ಎಂಜಿನ್ ಸ್ಟಾರ್ಟೇ ಆಗದಿದ್ದರೆ, ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿನ ಮೇಲೆ ಮೊದಲ ಅನುಮಾನ. ಈ ಸುದ್ದಿ ಬಾರದಿದ್ದರೆ ಹಲವು ಕಾರುಗಳಲ್ಲಿ ಇಸಿಎಂ ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸುತ್ತದೆ.

ಈ ಪರೀಕ್ಷೆಗಳಿಗೆ ಡಿಜಿಟಲ್ ಮಲ್ಟಿಮೀಟರ್ ಬಳಸಬೇಕು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಸಿಎಂ ವೈರಿಗೆ ಚುಚ್ಚಬಾರದು, ಅದು ಎಳೆಯುವ ಕರೆಂಟು ಒಳಗಿನ ಸೂಕ್ಷ್ಮ ಭಾಗಗಳಿಗೆ ಹೆಚ್ಚಾಗಬಹುದು. ಹಳದಿ ಬಣ್ಣದ ಏರ್‌ಬ್ಯಾಗ್ ವೈರುಗಳನ್ನು ಮುಟ್ಟಲೇಬಾರದು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ದೂರವಿರಲಿ.

ಫೋನಿನ ಸ್ಕ್ಯಾನರ್ ಕನೆಕ್ಟ್ ಆಗದಿದ್ದರೆ ಇಸಿಎಂ ಸತ್ತಿದೆಯೇ?

ಹಾಗೇನಿಲ್ಲ. ಈಗ ಬ್ಲೂಟೂತ್ ಸ್ಕ್ಯಾನರ್‌ಗಳು ಅಗ್ಗವಾಗಿ ಸಿಗುತ್ತವೆ. ಅವು ಓಬಿಡಿ-2 ಎಂಬ ಸಾಮಾನ್ಯ ಭಾಷೆಯಲ್ಲಿ ಮಾತಾಡುತ್ತವೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಅದು ಕಡ್ಡಾಯವಾಯಿತು. ಭಾರತದಲ್ಲಿ ಇಂಥ ನಿಯಮ ಬಂದದ್ದು ಬಿಎಸ್-4 ಕಾಲದಲ್ಲಿ. ಅದಕ್ಕಿಂತ ಹಳೆಯ ಕಾರಿನಲ್ಲಿ ಸಾಕೆಟ್ ಇದ್ದರೂ ಅದು ಕಂಪನಿಯದೇ ಭಾಷೆ ಮಾತಾಡಬಹುದು. ಆ ಕಾರಿಗೆ ಹೊಂದುವ ಸ್ಕ್ಯಾನರ್ ಇರುವ ಆಟೊ ಎಲೆಕ್ಟ್ರಿಷಿಯನ್ ಬಳಿ ತೋರಿಸಿ.

ಬ್ಯಾಟರಿ ಬಿಚ್ಚಿದರೆ ಸರಿಹೋಗುತ್ತದೆಯೇ?

ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಕೋಡ್ ಅಳಿಸಿಹೋಗುತ್ತದೆ, ದೀಪ ಆರುತ್ತದೆ. ಫಾರ್ವರ್ಡ್ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ತುಕ್ಕು ಹಿಡಿದ ಬೋಲ್ಟು ತುಕ್ಕು ಹಿಡಿದೇ ಇರುತ್ತದೆ. ಕೆಲವು ಕಿಲೋಮೀಟರ್ ಆದ ಮೇಲೆ ದೀಪ ಮತ್ತೆ ಬರುತ್ತದೆ. ಜ್ವರ ಬಂದಾಗ ಥರ್ಮಾಮೀಟರ್ ಜಾಡಿಸಿಟ್ಟ ಹಾಗೆ ಇದು. ಜೊತೆಗೆ ಮೆಕ್ಯಾನಿಕ್‌ಗೆ ಬೇಕಾಗಿದ್ದ ಸಾಕ್ಷಿಯೂ ಹೋಗುತ್ತದೆ.

ಇದರಲ್ಲಿ ಅಪಾಯವೂ ಇದೆ. ಓಡುವ ಕಾರಿನ ಎಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಕೆಲವು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ನಡುದಾರಿಯಲ್ಲಿ ಆಫ್ ಆಗುವ ಕಾರನ್ನು ಪರೀಕ್ಷೆ ಮುಗಿಯುವ ತನಕ ಹೆದ್ದಾರಿಗೆ ಇಳಿಸಬೇಡಿ.

ಇಸಿಎಂ ನಿಜವಾಗಿಯೂ ಕೆಡುವುದಿಲ್ಲವೇ?

ಕೆಡುತ್ತದೆ. ಒಳಗೆ ನೀರು ಹೋದರೆ, ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ, ಬಿಸಿ ಮತ್ತು ಅದುರಾಟದಿಂದ ಬೆಸುಗೆ ಬಿರುಕು ಬಿಟ್ಟರೆ, ಹಳೆಯ ಕೆಪಾಸಿಟರ್‌ಗಳು ಸೋರಿದರೆ ಕೆಡುತ್ತದೆ. ಪೆಟ್ಟಿಗೆ ಬಿಚ್ಚಿದಾಗ ಹಸಿರು ಕಿಲುಬು, ಸುಟ್ಟ ಕಲೆ, ಉಬ್ಬಿದ ಕೆಪಾಸಿಟರ್ ಕಾಣಬಹುದು. ಪಿ0601, ಪಿ0606 ಎಂಬ ಕೋಡ್‌ಗಳು ಇಸಿಎಂನ ಒಳಗಿನ ದೋಷವನ್ನೇ ಸೂಚಿಸುತ್ತವೆ. ಆಗಲೂ ಕರೆಂಟು ಮತ್ತು ಅರ್ಥಿಂಗ್ ನೋಡಿದ ಮೇಲೆಯೇ ತೀರ್ಮಾನ.

ಬದಲಿಸುವುದೇ ಆದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಹಳೆಯದು ಯಾಕೆ ಸುಟ್ಟಿತು? ಶಾರ್ಟ್ ಆದ ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್ ಇಸಿಎಂ ಅನ್ನು ಸುಟ್ಟಿದ್ದರೆ, ಅದನ್ನು ಸರಿಪಡಿಸದೆ ಹಾಕಿದ ಹೊಸದೂ ಸುಡುತ್ತದೆ. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯ ಪಾರ್ಟ್ ನಂಬರ್ ಹೊಂದಬೇಕು. ಇಮೊಬಿಲೈಸರ್ ಇರುವ ಕಾರಿನಲ್ಲಿ ಅದು ನಿಮ್ಮ ಕೀಲಿಯನ್ನು ಗುರುತಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ನಮ್ಮ ಕಾರಿಗೆ ಏನಾಗಿತ್ತು?

ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಮೂರು ಸೆನ್ಸರ್ ಒಟ್ಟಿಗೆ ಕೆಡುವುದು ಅಪರೂಪ. ಮೂರಕ್ಕೂ ಸಮಾನವಾದ ಯಾವುದೋ ಒಂದು ಕೆಟ್ಟಿರಬೇಕು. ಆದರೆ ಇಸಿಎಂ ಒಂದೇ ಅಲ್ಲ, ಅರ್ಥಿಂಗ್ ಕೂಡ ಮೂರಕ್ಕೂ ಸಮಾನ.

ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ: “ಯಾವಾಗ ಆಫ್ ಆಗುತ್ತೆ ಸಾರ್?” ಯೋಚಿಸಿದಾಗ ಅಪ್ಪನಿಗೆ ಹೊಳೆಯಿತು, ಬಾನೆಟ್ಟಿನೊಳಗೆ ಫ್ಯಾನ್ ಶುರುವಾದ ಕೂಡಲೇ. ಅವರು ಮೀಟರ್ ಇಟ್ಟರು. ಫ್ಯಾನ್ ತಿರುಗಿದೊಡನೆ ಇಸಿಎಂನ ಅರ್ಥಿಂಗ್ 0.8 ವೋಲ್ಟ್ ತೋರಿಸಿತು. ಫ್ಯಾನಿನ ಅರ್ಥಿಂಗ್ ವೈರು, ಇಸಿಎಂನ ಅರ್ಥಿಂಗ್ ವೈರು ಎರಡೂ ಒಂದೇ ಬೋಲ್ಟಿಗೆ ಸೇರಿದ್ದವು. ಆ ಬೋಲ್ಟಿನ ಕೆಳಗೆ ತುಕ್ಕು. ಫ್ಯಾನಿನ ಕರೆಂಟು ಅಲ್ಲಿ ಸಿಕ್ಕಿಕೊಂಡಾಗ ಸೆನ್ಸರ್‌ಗಳ ಲೆಕ್ಕವೆಲ್ಲ ತಪ್ಪುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮುನ್ನೂರು ರೂಪಾಯಿ ತೆಗೆದುಕೊಂಡರು. ಇಸಿಎಂ ಈಗಲೂ ಹಳೆಯದೇ ಇದೆ.

ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳಲಾರೆ. ವೈರು ಹುಡುಕುತ್ತಾ ಕಳೆದ ಎರಡು ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ, ಹೊಸ ಭಾಗಕ್ಕೆ ಕೊಡುತ್ತಾನೆ. ಪರೀಕ್ಷೆಗೂ ಕೂಲಿ ಇದೆ ಎಂದು ನಾವು ಒಪ್ಪಿಕೊಂಡರೆ ಅವರೂ ಪರೀಕ್ಷಿಸುತ್ತಾರೆ.

ಮುಂದಿನ ಸಲ ಯಾರಾದರೂ ‘ಇಸಿಎಂ ಹೋಗಿದೆ’ ಎಂದರೆ ಜಗಳ ಬೇಡ, ಈ ಮೂರು ಪ್ರಶ್ನೆ ಕೇಳಿ:

- ಇಸಿಎಂಗೆ ಬರುವ ಕರೆಂಟು ಮತ್ತು ಅರ್ಥಿಂಗ್ ಅಳೆದಿರಾ? ಮೀಟರ್ ಎಷ್ಟು ತೋರಿಸಿತು?
- ಕೋಡ್ ಬಂದ ದಾರಿಯ ವೈರು, ಕನೆಕ್ಟರ್, ಸೆನ್ಸರ್ ಪರೀಕ್ಷಿಸಿದಿರಾ?
- ಇಸಿಎಂ ಕೆಟ್ಟಿದ್ದರೆ, ಕೆಡಲು ಕಾರಣ ಏನು?

ಬ್ಯಾಟರಿ ಬಿಚ್ಚುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಮೂರು ಪ್ರಶ್ನೆ ಹಾಕಿ. ಮಾವ ಈಗ ಅದನ್ನೇ ಫಾರ್ವರ್ಡ್ ಮಾಡುತ್ತಿದ್ದಾರೆ.