ಮನೆ ಯಾರ ಹೆಸರಲ್ಲಿದೆ?

ನಿಮ್ಮ ಸಂಗಾತಿಗೆ ಅರವತ್ತೆರಡು, ನಿಮಗೆ ಮೂವತ್ತನಾಲ್ಕು. ಫ್ಲ್ಯಾಟು ಅವರದು, ಕಾರು ಅವರದು. ‘ನಾನಿದ್ದೀನಲ್ಲ, ನಿಂಗ್ಯಾಕೆ ಚಿಂತೆ?’ ಅಂತಾರೆ. ಪ್ರೀತಿಯಿಂದಲೇ ಅಂತಾರೆ. ಅವರು ಇಲ್ಲವಾದ ದಿನ?

ಮದುವೆಯಾಗಿದ್ದರೆ, ಉಯಿಲು ಬರೆಯದೇ ಹೋದರೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಡತಿಗೆ ಪಾಲು ಕೊಡುತ್ತದೆ. ಅವರ ಮಕ್ಕಳಿಗೂ, ಬದುಕಿದ್ದರೆ ತಾಯಿಗೂ ಅಷ್ಟೇ ಪಾಲು. ಮೊದಲ ಮದುವೆಯ ಮಕ್ಕಳನ್ನು ಮರೆಯಬೇಡಿ. ಮದುವೆಯಾಗದೆ ಜೊತೆಗಿದ್ದೀರಾ? ವಾರಸುದಾರರ ಆ ಪಟ್ಟಿಯಲ್ಲಿ ‘ಸಂಗಾತಿ’ ಅನ್ನುವ ಪದವೇ ಇಲ್ಲ.

‘ನಾಮಿನಿ ಮಾಡಿದ್ದಾರೆ’ ಅಂತ ನೆಮ್ಮದಿಯಾಗಿರುವವರೇ ಹೆಚ್ಚು. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಷೇರುಗಳಿಗೆ ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾಮಿನಿಯ ಕೈ ಸೇರಿದ್ದು ಕೊನೆಗೆ ವಾರಸುದಾರರಿಗೇ ಹೋಗಬಹುದು.

ಅದಕ್ಕೇ ಉಯಿಲು ಬರೆಸಿ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಅವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆದರೂ ನೋಂದಾಯಿಸಿ, ನಾಳೆ ತಕರಾರು ಎದ್ದರೆ ಆಸರೆಯಾಗುತ್ತದೆ. ಸಾಕ್ಷಿಯಾಗಿ ನೀವು ಮಾತ್ರ ಸಹಿ ಹಾಕಬೇಡಿ. ಮನೆಯನ್ನು ಈಗಲೇ ಕೊಡುವುದಾದರೆ ದಾನಪತ್ರ. ಅದು ನೋಂದಣಿ ಆಗಲೇಬೇಕು.

ಕೆಲಸ ಬಿಡು ಅಂದರೆ ಬಿಡಬೇಡಿ. ನಿಮ್ಮದೇ ಖಾತೆ, ನಿಮ್ಮದೇ ಸಂಪಾದನೆ ಇರಲಿ.

ಮನೆ, ಉಯಿಲಿನ ಮಾತೆತ್ತಿದರೆ ದುರಾಸೆ ಅನ್ನಿಸೀತು ಅಂತ ಸಂಕೋಚಪಡಬೇಡಿ. ಅವರು ಗಟ್ಟಿಮುಟ್ಟಾಗಿರುವಾಗಲೇ, ಈ ಭಾನುವಾರವೇ, ಪಕ್ಕದಲ್ಲಿ ಕೂತು ಕೇಳಿ.